ಕಾದಂಬರಿ ಮುಗಿಯುವವರೆಗೆ ಎಲೆ ಅಡಿಕೆ ಇಲ್ಲ

ಅವ್ವ ಎಲೆ ಅಡಿಕೆ ಬಿಟ್ಟದ್ದು ನನ್ನ ಕಾದಂಬರಿಗಾಗಿಯೇ ಎಂದು ನಾನು ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನಲ್ಲಿ ಅದು ನಡೆದದ್ದು ನಂಜನಗೂಡಿನ ಸ್ನಾನಘಟ್ಟದಲ್ಲಿ. ಸೋಮವಾರ. ಕಪಿಲೆಯಲ್ಲಿ ನೀರು ಕಡಿಮೆ. ಅವ್ವ ಕೊನೆಯ ಮೆಟ್ಟಿಲಲ್ಲಿ ನಿಂತು ಬಾಯಲ್ಲಿದ್ದುದನ್ನು ಉಗಿದಳು, ಮುಕ್ಕಳಿಸಿದಳು, ಗೋಪುರದ ಕಡೆ ತಿರುಗಿ ಕೈಮುಗಿದು, "ನನ್ ಮಗನ ಬುಕ್ಕು ಮುಗಿಯಗಂಟ ಎಲೆ ಮುಟ್ಟಲ್ಲ ಕನಪ್ಪ ನಂಜುಂಡ" ಎಂದಳು. ಹೆಂಡತಿಯ ಪ್ರಕಾರ ಇದು ನಡೆದದ್ದು ಹುಲ್ಲಹಳ್ಳಿಯ ನಮ್ಮ ಅಡುಗೆಮನೆಯಲ್ಲಿ, ಒಂದು ಜಗಳದ ಮಧ್ಯೆ. ತಂಗಿಯ ಪ್ರಕಾರ ಹರಕೆಯೂ ಇಲ್ಲ, ಗಿರಕೆಯೂ ಇಲ್ಲ. ಬಾಯಲ್ಲಿ ಹುಣ್ಣಾಗಿ ಡಾಕ್ಟರು ಬಿಡಿ ಎಂದರು, ಬಿಟ್ಟಳು, ಬಿಟ್ಟದ್ದಕ್ಕೊಂದು ಘನತೆ ಇರಲಿ ಎಂದು ನನ್ನ ಕಾದಂಬರಿಯನ್ನು ತಗುಲಿಹಾಕಿದಳು. ಅವ್ವ ಈಗಿಲ್ಲ. ಕೇಳುವಂತಿಲ್ಲ.

ಒಂದೇ ಘಟನೆಗೆ ಮೂರು ಆಕರಗಳಿದ್ದರೆ ಯಾವುದು ಹೆಚ್ಚು ಚೆಂದವಾಗಿದೆಯೋ ಅದನ್ನು ಮೊದಲು ಅನುಮಾನಿಸಿ ಎಂದು ಮೈಸೂರಿನಲ್ಲಿ ಎಂ.ಎ. ಓದುವಾಗ ನಮಗೆ ಕಲಿಸಿದ್ದರು. ಮೂರರಲ್ಲಿ ಚೆಂದವಾಗಿರುವುದು ನನ್ನದು. ಅದೂ ಅಲ್ಲದೆ, ನಂಜುಂಡನ ಹೊಳೆಗೆ ಉಗಿಯುವ ಹೆಂಗಸಲ್ಲ ನಮ್ಮವ್ವ. ಹಾಗಾಗಿ ಆ ಮೆಟ್ಟಿಲು, ಆ ನೀರು, ಆ ಸೋಮವಾರ ಎಲ್ಲವನ್ನೂ ನಾನೇ ಎಲ್ಲಿಂದಲೋ ತಂದು ಜೋಡಿಸಿಕೊಂಡಿರಬೇಕು. ಅವ್ವ ಎಲೆ ಬಿಟ್ಟಿದ್ದಳು ಎಂಬುದರಲ್ಲಿ ಮಾತ್ರ ಮೂವರಿಗೂ ಅನುಮಾನವಿಲ್ಲ. ನನ್ನ ಕಾದಂಬರಿ ಮುಗಿದಿರಲಿಲ್ಲ ಎಂಬುದರಲ್ಲಿ ಇಡೀ ಹುಲ್ಲಹಳ್ಳಿಗೇ ಅನುಮಾನವಿರಲಿಲ್ಲ.

ಇದನ್ನೆಲ್ಲ ಬರೆಯಲು ಕಾರಣ, ನಾನು ಅತಿಥಿ ಉಪನ್ಯಾಸಕನಾಗಿರುವ ಟಿ. ನರಸೀಪುರದ ಕಾಲೇಜಿನ ವಿದ್ಯಾರ್ಥಿಗಳು. ಸಾಹಿತ್ಯ ಸಂಘದವರು ಒಂದು ದಿನ ಸ್ಟಾಫ್ ರೂಮಿಗೆ ಬಂದು, "ಸಾ, ಬದ್ಧತೆ ಇರೋ ಬರಹಗಾರ ಆಗದು ಎಂಗೆ ಅಂತ ಒಂದ್ ಸ್ಪೀಚ್ ಕೊಡಿ ಸಾ" ಎಂದರು.

"ನಂದು ಒಂದು ಪುಸ್ತಕವೂ ಬಂದಿಲ್ಲವಲ್ರಪ್ಪ."

"ಪರ್ವಾಗಿಲ್ಲ ಸಾ. ಬೇರೆ ಯಾರೂ ಫ್ರೀ ಇಲ್ಲ."

ಆ ದಿನ ಏನು ಮಾತಾಡಿದೆನೋ ನೆನಪಿಲ್ಲ. ಏನು ಮಾತಾಡಬೇಕಿತ್ತು ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ. ಬರೆಯಲು ಹೊರಟವರು ಉಪಯೋಗಿಸಿಕೊಳ್ಳಬಹುದು. ನನಗಂತೂ ಉಪಯೋಗಕ್ಕೆ ಬಂದಿಲ್ಲ.

ಮೊದಲನೆಯದಾಗಿ, ಪುಸ್ತಕ ಬರೆಯುತ್ತಿದ್ದೇನೆಂದು ಮನೆಯಲ್ಲಿ ಬಾಯಿ ಬಿಡಬೇಡಿ. ಹೊರಗೆ ಹೇಳಿದರೆ ಜನ ಮರೆಯುತ್ತಾರೆ. ಮನೆಯಲ್ಲಿ ಹೇಳಿದರೆ ಹರಕೆಯಾಗುತ್ತದೆ. ನಮ್ಮ ಕಡೆ ಹರಕೆಯೆಂದರೆ ದೇವರಿಗೆ ಏನಾದರೂ ಕೊಡುವುದೊಂದೇ ಅಲ್ಲ. ತನಗೆ ಇಷ್ಟವಾದದ್ದನ್ನು ಬಿಡುವುದೂ ಹರಕೆಯೇ. ಮಗಳಿಗೆ ಗಂಡು ಗೊತ್ತಾಗುವವರೆಗೆ ತಲೆಗೆ ಹೂ ಮುಡಿಯದ ಹೆಂಗಸರು, ಸೈಟಿನ ಕೇಸು ಗೆಲ್ಲುವವರೆಗೆ ಕಾಫಿ ಕುಡಿಯದ ಗಂಡಸರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಹರಕೆಗಳಿಗೆಲ್ಲ ಒಂದು ಕೊನೆಯಿತ್ತು. ಗಂಡು ಸಿಕ್ಕೇ ಸಿಗುತ್ತದೆ, ಕೋರ್ಟು ಎಂದಾದರೊಂದು ದಿನ ತೀರ್ಪು ಕೊಟ್ಟೇ ಕೊಡುತ್ತದೆ. ಕಾದಂಬರಿಯನ್ನು ನಂಬಿ ಹರಕೆ ಹೊತ್ತವಳು ನಮ್ಮವ್ವ ಒಬ್ಬಳೇ ಇರಬೇಕು.

ಎಲೆ ಅಡಿಕೆ ಅವ್ವನಿಗೆ ಚಟವಾಗಿತ್ತು ಎಂದರೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಹಾಲು ಕರೆದ ಮೇಲೊಂದು, ಊಟವಾದ ಮೇಲೊಂದು, ಯಾರಾದರೂ ಬಂದರೆ ಮಾತಿಗೊಂದು, ಯಾರೂ ಬರದಿದ್ದರೆ ಬೇಜಾರಿಗೊಂದು. ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಎಲೆಯನ್ನು ತೊಡೆಯ ಮೇಲೆ ಒರೆಸಿ, ಉಗುರಿನಲ್ಲಿ ಸುಣ್ಣ ಸವರುವಷ್ಟು ಹೊತ್ತು ಅವಳು ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಆ ಮೌನವೇ ನಮ್ಮ ಮನೆಯ ನೆಮ್ಮದಿಯಾಗಿತ್ತು ಎಂಬುದು ಅದು ಹೋದ ಮೇಲೆ ತಿಳಿಯಿತು. ಎಲೆ ಬಿಟ್ಟ ಅವ್ವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಸಾರಿಗೆ ಉಪ್ಪು, ಸೊಸೆಯ ತವರು, ನನ್ನ ಸಂಬಳ, ಪಕ್ಕದ ಮನೆಯ ನಾಯಿ ಎಲ್ಲವೂ ಅದರ ಪಾಲಾದವು. ಮಾತು ಮುಗಿದ ಮೇಲೂ ದವಡೆ ಖಾಲಿಯಾಗಿ ಆಡುತ್ತಿತ್ತು. ಕೈ ತಾನಾಗಿಯೇ ಸೊಂಟದ ಎಲೆಚೀಲವನ್ನು ಹುಡುಕಿಕೊಂಡು ಹೋಗಿ, ಚೀಲವಿಲ್ಲವೆಂದು ತಿಳಿದು, ಸೀರೆಯ ನೆರಿಗೆ ಸರಿಮಾಡಿದಂತೆ ಮಾಡಿ ವಾಪಸು ಬರುತ್ತಿತ್ತು. ನಾನು ಎದುರಿಗೆ ಕೂತು ಪೇಪರು ಓದುವಂತೆ ನಟಿಸುತ್ತಿದ್ದೆ.

ಊರಿಗೆ ಗೊತ್ತಾಗಲು ತಡವಾಗಲಿಲ್ಲ. ಸಂತೆಯಲ್ಲಿ ಎಲೆ ಮಾರುವ ಹೆಂಗಸು ನನ್ನನ್ನು ಕಂಡ ಕೂಡಲೇ ಕೇಳುತ್ತಿದ್ದಳು: "ಏನ್ ಸಾ, ಬುಕ್ಕು ಎಲ್ಲಿಗಂಟ ಬಂತು? ನಿಮ್ಮವ್ವ ನನ್ ಅಂಗ್ಡಿ ಕಡೀಕೇ ತಿರುಗ್ ನೋಡಕಿಲ್ವಲ್ಲ."

"ಬರ್ತಾ ಇದೆ."

"ನಮ್ ಸೊಸೆ ಮದ್ವೆ ಆದಾಗ್ಲೂ ಬರ್ತಾ ಅದೆ ಅಂದ್ರಿ. ಅವ್ಳಿಗೀಗ ಎರಡ್ನೇದು."

ಬಸ್ಸಿನಲ್ಲಿ ಕಂಡಕ್ಟರ್ ಕೇಳುತ್ತಿದ್ದ. ಹಾಲಿನ ಡೇರಿಯಲ್ಲಿ ಕೇಳುತ್ತಿದ್ದರು. ಕನ್ನಡದಲ್ಲಿ ಒಂದು ಕಾದಂಬರಿ ಬರಲಿ ಎಂದು ಇಷ್ಟು ಜನ ಕಾದು ನಿಂತ ಊರು ಇನ್ನೊಂದಿರಲಾರದು. ಅವರಲ್ಲಿ ಒಬ್ಬರಿಗೂ ಅದನ್ನು ಓದುವ ಉದ್ದೇಶವಿರಲಿಲ್ಲ, ಅಷ್ಟೇ.

ಇನ್ನು ಬರೆಯುವ ಜಾಗ. ಪ್ರಶಾಂತವಾದ ಜಾಗ ಹುಡುಕಿಕೊಂಡು ಹೋಗಬೇಡಿ. ನಾನು ಹೋಗಿದ್ದೆ. ಕಾಲೇಜು ಬಿಟ್ಟ ಮೇಲೆ ನರಸೀಪುರದ ಸಂಗಮದ ಮೆಟ್ಟಿಲ ಮೇಲೆ ಕೂತು ಬರೆಯುವುದೆಂದು ತೀರ್ಮಾನಿಸಿದೆ. ಕಾವೇರಿಯೂ ಕಪಿಲೆಯೂ ಸೇರುವುದನ್ನು ನೋಡುತ್ತ ಕೂತರೆ ವಾಕ್ಯಗಳೂ ಹಾಗೆಯೇ ಬಂದು ಸೇರುತ್ತವೆ ಎಂದುಕೊಂಡಿದ್ದೆ. ಕೂತು ಪೆನ್ನು ತೆಗೆದು ಮೊದಲ ಸಾಲಿಗಾಗಿ ನೀರನ್ನು ನೋಡುತ್ತಿದ್ದಾಗ ಒಬ್ಬ ಪುರೋಹಿತರು ಮೆಲ್ಲಗೆ ಹತ್ತಿರ ಬಂದು, ತುಂಬ ಮರುಕದಿಂದ, "ಅಸ್ಥಿ ಎಲ್ಲಿಟ್ಟಿದೀರಿ ಸ್ವಾಮಿ?" ಎಂದರು.

"ಇಲ್ಲ, ನಾನು ಸುಮ್ಮನೆ ಬಂದದ್ದು."

"ಸಂಕೋಚ ಬೇಡಿ. ಯಾರದು? ತಂದೆಯವರದಾ?"

ಕಾದಂಬರಿ ಬರೆಯುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಗಿ "ಹೌದು, ಅಣ್ಣ ತರ್ತಾ ಇದಾನೆ" ಎಂದುಬಿಟ್ಟೆ. ನನಗೆ ಅಣ್ಣನೇ ಇಲ್ಲ. ಅವರು ಪಾಪ ದರ್ಭೆ ಹಿಡಿದುಕೊಂಡು ಪಕ್ಕದಲ್ಲೇ ಕೂತರು. ಬಾರದ ಅಣ್ಣನಿಗಾಗಿ ಇಬ್ಬರೂ ಕತ್ತಲಾಗುವವರೆಗೆ ಕಾದೆವು. ಅಂದು ಬರೆದದ್ದು ಏನೂ ಇಲ್ಲ. ಮರುದಿನದಿಂದ ಆ ಕಡೆ ಹೋಗಲಿಲ್ಲ.

ಬಸ್ಸಿನಲ್ಲಿ ಬರೆಯೋಣವೆಂದರೆ ಅದೂ ಆಗದು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಹಾಳೆ ಮಡಿಲಲ್ಲಿಟ್ಟುಕೊಂಡು ಬರೆಯುವವನನ್ನು ಕಂಡರೆ ಜನ ಅರ್ಜಿ ಬರೆಯುವವನೆಂದೇ ತಿಳಿಯುತ್ತಾರೆ. "ಕೇಸಾ ಸಾ?" ಎಂದು ಶುರುವಾಗಿ "ನಮ್ದೂ ಒಂದ್ ಬರ್ಕೊಡಿ" ಎಂಬಲ್ಲಿಗೆ ಬರುತ್ತದೆ. ಆ ಬಸ್ಸಿನಲ್ಲಿ ಕೂತು ನಾನು ಸತ್ತವರ ಜಮೀನಿನ ಪೌತಿ ಖಾತೆಗೆ, ಹಿಸ್ಸೆ ಅಳೆಸುವ ಪೋಡಿಗೆ, ವಿಧವಾ ವೇತನಕ್ಕೆ, ಕೆಟ್ಟುಹೋದ ಟ್ರಾನ್ಸ್‌ಫಾರ್ಮರಿಗೆ ಬರೆದಿದ್ದೇನೆ. ಅವೆಲ್ಲ ಮುಗಿದವು. ಕೆಲವಕ್ಕೆ ಉತ್ತರವೂ ಬಂತು. ನನ್ನ ಸಮಗ್ರ ಕೃತಿಗಳು ತಾಲ್ಲೂಕು ಕಚೇರಿಯಲ್ಲಿವೆ.

ಆದರೆ ಜಾಗದ ಮೇಲೆ, ಜನರ ಮೇಲೆ ಹೊರಿಸಿ ಪ್ರಯೋಜನವಿಲ್ಲ. ತೊಂದರೆಯಿದ್ದದ್ದು ನನ್ನ ತಲೆಯಲ್ಲಿ. ನನ್ನ ಕಾದಂಬರಿಯಲ್ಲಿ ಒಬ್ಬಳು ಹೆಂಗಸಿದ್ದಾಳೆ. ನಾಲೆ ಬಂದ ಹೊಸದರಲ್ಲಿ ಗಂಡನ ಮನೆ ಬಿಟ್ಟು ಹೊಳೆ ದಾಟಿ ಹೋಗುತ್ತಾಳೆ. ಚಿಕ್ಕಂದಿನಲ್ಲಿ ಕೇಳಿದ ಕತೆ ಅದು, ಅಥವಾ ಕೇಳಿದೆನೆಂದು ನಾನು ತಿಳಿದಿರುವ ಕತೆ. ಅವಳು ವಾಪಸು ಬಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಹೊರಟ ದಿನ ಮಳೆಯಿತ್ತು ಎಂದು ಒಂದು ಸಾಲು ಬರೆದರೆ ಸಾಕು, ವಿಶ್ವವಿದ್ಯಾಲಯ ಎದ್ದು ಕೂರುತ್ತದೆ. ಯಾವ ದಿನ? ಮಳೆಯಿತ್ತೆಂದು ಯಾರು ಹೇಳಿದರು? ಹೇಳಿದವರು ಅಲ್ಲಿದ್ದರೇ? ನಾನು ಹೋಗಿ ವಯಸ್ಸಾದವರನ್ನು ಕೇಳುತ್ತಿದ್ದೆ. ಒಬ್ಬರು ಮಳೆ ಎಂದರೆ ಇನ್ನೊಬ್ಬರು ಬಿಸಿಲು ಎನ್ನುತ್ತಿದ್ದರು, ಮತ್ತೊಬ್ಬರು ಅಂಥ ಹೆಂಗಸೇ ಇರಲಿಲ್ಲ ಎನ್ನುತ್ತಿದ್ದರು. ಮನೆಗೆ ಬಂದು ಮಳೆಯನ್ನು ಹೊಡೆದುಹಾಕುತ್ತಿದ್ದೆ. ಹೀಗೆ ಹೊಡೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಸತ್ಯವೆಂದು ನಂಬಿದ್ದೆ. ಉಳಿದದ್ದು ಬಿಳಿ ಹಾಳೆ. ಸಾಹಿತ್ಯ ಓದಿ ಬರಹಗಾರನಾಗುತ್ತೇನೆ ಎನ್ನುವವರಿಗೆ ನನ್ನ ಸಲಹೆ ಇಷ್ಟೇ: ಬೇರೆ ಏನನ್ನಾದರೂ ಓದಿ.

ಈ ನಡುವೆ ಅವ್ವ ಇಳಿಯುತ್ತ ಬಂದಳು. ಅದು ಮೊದಲು ಕಂಡದ್ದು ಮಾತಿನಲ್ಲಿ. ಪಕ್ಕದ ಮನೆಯ ನಾಯಿಯನ್ನು ಬೈಯುವುದನ್ನು ಬಿಟ್ಟಳು. ಅವಳಿಗೆ ಎಲೆ ತಿನ್ನಿಸಬೇಕೆಂಬುದು ಆಗ ನನಗೆ ಹಟವಾಯಿತು. ಹರಕೆ ತೀರಿಸಲಾಗದವರು ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಹುಂಡಿಗೆ ಹಾಕಿ ದೇವರ ಕ್ಷಮೆ ಕೇಳುವ ಪದ್ಧತಿಯಿದೆಯಲ್ಲ, ತಪ್ಪುಗಾಣಿಕೆ, ಅದನ್ನು ಹಾಕಿಬಿಡೋಣ ಎಂದೆ. ದೇವರನ್ನು ನಂಬದ ನಾನು ದೇವರ ಜೊತೆ ರಾಜಿಗೆ ಇಳಿದಿದ್ದೆ.

ಅವ್ವ ನನ್ನನ್ನೇ ನೋಡಿದಳು. "ತಪ್ಪುಗಾಣ್ಕೆ ನಾನ್ಯಾಕ್ಲಾ ಆಕ್ಲಿ? ತಪ್ಪು ನಂದಾ?"

ಹೆಂಡತಿ ನಂಜನಗೂಡು ಪೇಟೆಯವಳು. ವ್ಯವಹಾರ ಬಲ್ಲವಳು. "ಅತ್ತೆಗೆ ಓದಕ್ಕೆ ಬರಲ್ಲ. ಬರೆದಷ್ಟನ್ನೇ ಬೈಂಡ್ ಮಾಡಿಸಿಕೊಂಡು ಬಂದು ಮುಗೀತು ಅನ್ನಿ. ಮುಗೀತಲ್ಲ!" ಎಂದಳು. ನರಸೀಪುರದ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದೆ. ತೆಳ್ಳಗೆ ಕಂಡಿತು. ಅಂಗಡಿಯವನೇ, "ಹಿಂದ್ಗಡೆ ಒಂದಷ್ಟು ಖಾಲಿ ಹಾಳೆ ಸೇರಿಸ್ಲಾ ಸಾ, ಗಟ್ಟಿಯಾಗಿ ಕಾಣ್ತದೆ" ಎಂದ. ಸೇರಿಸು ಎಂದೆ. ನನ್ನ ಬರವಣಿಗೆಗೆ ಸಿಕ್ಕ ಅತ್ಯಂತ ಉಪಯುಕ್ತ ಸಂಪಾದಕೀಯ ಸಲಹೆ ಅದು.

ಎಲೆ, ಅಡಿಕೆ, ಸುಣ್ಣವನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಪುಸ್ತಕವಿಟ್ಟು ಅವ್ವನ ಮುಂದೆ ತಳ್ಳಿದೆ. "ಮುಗೀತವ್ವ."

ಅವ್ವ ಪುಸ್ತಕವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಂದು ಎಲೆ ಎತ್ತಿಕೊಂಡಳು. ತೊಟ್ಟು ಮುರಿದಳು. ಆಮೇಲೆ, ಮುಖವೆತ್ತದೆ, "ಆ ಎಣ್ಣು ವಾಪಸ್ ಬಂದ್ಲಾ?" ಎಂದಳು. ಕತೆಯ ಅಷ್ಟು ಭಾಗವನ್ನು ಅವಳಿಗೆ ಯಾವಾಗಲೋ ಹೇಳಿದ್ದೆನಂತೆ. ನನಗೆ ನೆನಪಿಲ್ಲ.

"ಬಂದಳು."

"ಒಬ್ಳೇ ಬಂದ್ಲಾ? ಕೂಸು?"

ಕೂಸು ಎಲ್ಲಿಂದ ಬಂತೆಂದು ಹೊಳೆಯಲಿಲ್ಲ. "ಒಬ್ಬಳೇ," ಎಂದೆ.

"ಕೂಸ್ ಬುಟ್ಟು ಬಂದ್ಲಾ?"

"ಇಲ್ಲ, ಅವಳು... ಬರಲಿಲ್ಲ."

"ಈಗ್ತಾನೆ ಬಂದ್ಲು ಅಂದೆ."

ಹೆಂಡತಿ ಒಳಗಿನಿಂದ ಇಣುಕಿ ಹಣೆ ಚಚ್ಚಿಕೊಂಡಳು. ಅವ್ವ ತೊಟ್ಟು ಮುರಿದ ಎಲೆಯನ್ನು ಉಳಿದ ಎಲೆಗಳ ಮೇಲೆ ಜೋಡಿಸಿ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಸಿಟ್ಟಿರಲಿಲ್ಲ. "ಬಂದ್ರೆ ಬಂದ್ಲು ಅಂತ ಬರಿ, ಬರ್ದೇವೋದ್ರೆ ಬರ್ನಿಲ್ಲ ಅಂತ ಬರಿ. ಎರಡ್ರಲ್ಲಿ ಒಂದು. ಅಷ್ಟಕ್ಕೆ ಎಷ್ಟ್ ವರ್ಸ್ ಬೇಕ್ಲಾ ನಿಂಗೆ?" ಎಂದಳು.

ಆಗಲೇ ಕೂತು ಎರಡರಲ್ಲೊಂದು ಬರೆದಿದ್ದರೆ ಆಗುತ್ತಿತ್ತು. ನಾನು ಹೋಗಿ, ಆ ಹೆಂಗಸಿಗೆ ನಿಜವಾಗಿ ಕೂಸಿತ್ತೇ ಎಂದು ವಿಚಾರಿಸತೊಡಗಿದೆ.

ಅವ್ವ ತೀರಿಕೊಂಡದ್ದು ಒಂದು ಬೆಳಿಗ್ಗೆ, ನಾನು ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿದ್ದಾಗ. ವಾಪಸು ಬರುವಷ್ಟರಲ್ಲಿ ಜನ ಸೇರಿದ್ದರು. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ನಮ್ಮಲ್ಲಿ ಮಾಡುವ ಹಾಗೆ ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೂತಿದ್ದ ಅವ್ವ, ಬಂದವರ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದಳು. ಸತ್ತವರ ಬಾಯಿಗೆ ಕುಟ್ಟಿದ ಎಲೆ ಅಡಿಕೆ ಇಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಹೆಮ್ಮರಗಾಲದಿಂದ ಬಂದಿದ್ದ ಸೋದರಮಾವ ಕುಟ್ಟಾಣಿ ಹಿಡಿದು ಬಾಗಿಲ ಬಳಿ ನಿಂತಿದ್ದ. ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ತಡೆದ.

"ಅರಕೆ ಒತ್ತಿದ್ದೋಳು. ಎಲೆ ಆಕುದ್ರೆ ಅರಕೆ ಮುರ್ದಂಗಲ್ವಾ?"

"ಸತ್ತೋದ್ ಮ್ಯಾಕೆ ಯಾವ್ ಅರಕೆ ಬುಡಣ್ಣೋ," ಎಂದರು ಯಾರೋ.

"ಬದುಕಿದ್ದಾಗ ಬಾಯ್ ಕಟ್ಕಂಡು ನಡ್ಸವ್ಳೆ. ಕಡೆ ಗಳಿಗೇಲಿ ನಾವ್ ಕೆಡ್ಸದಾ? ಅಯ್ನೋರ್ನೇ ಕೇಳಿ."

ಮಠದಿಂದ ಬಂದಿದ್ದ ಅಯ್ಯನವರು ಹರಕೆ ಏನೆಂದು ವಿಚಾರಿಸಿದರು. ಬುಕ್ಕು ಮುಗಿಯುವವರೆಗೆ ಎಂದು ನಾಲ್ಕಾರು ಜನ ಒಟ್ಟಿಗೆ ಹೇಳಿದರು. ಅಯ್ಯನವರು, "ಹಾಗಾದ್ರೆ ಮುಗಿದಿದೆಯೋ ಇಲ್ಲವೋ ಬರೆದವರನ್ನೇ ಕೇಳಿ" ಎಂದರು.

ಜಗಲಿಯ ತುಂಬ ಕೂತಿದ್ದವರು ನನ್ನ ಕಡೆ ತಿರುಗಿದರು. "ಏಳ್ಲಾ ಮಗ," ಎಂದ ದೊಡ್ಡಪ್ಪ. "ಮುಗ್ದದಾ?"

ನಾನೇನು ಹೇಳಿದೆ ಎಂಬುದು ನನಗೆ ಇಂದಿಗೂ ಸಂಕಟ. ನನ್ನ ನೆನಪಿನಲ್ಲಿ "ಮುಗಿದಿದೆ" ಎಂದೆ. ಗಟ್ಟಿಯಾಗಿ, ಅವ್ವನ ಮುಖ ನೋಡಿಕೊಂಡು. ಹೆಂಡತಿಯ ಪ್ರಕಾರ, "ಮೊದಲ ಕರಡು ಒಂದು ಹಂತಕ್ಕೆ ಬಂದಿದೆ" ಎಂದು ವಿವರಿಸಲು ಶುರುಮಾಡಿದೆನಂತೆ. ತಂಗಿಯ ಪ್ರಕಾರ ನಾನು ಮಾತೇ ಆಡಲಿಲ್ಲ. ಕಂಬ ಹಿಡಿದು ಅಳುತ್ತಿದ್ದೆ, ಅಷ್ಟೇ. ಏನೇ ಹೇಳಿರಲಿ, ಕೊನೆಗೆ ದೊಡ್ಡಪ್ಪ "ಆಗ್ಲಿ, ಆಕಿ" ಎಂದದ್ದು, ಮಾವ ಬಗ್ಗಿ ಅವ್ವನ ಬಾಯಿಯ ಹತ್ತಿರ ಕೈ ತಂದದ್ದು ಎಲ್ಲರಿಗೂ ನೆನಪಿದೆ.

ಆಮೇಲಿನ ತಿಂಗಳುಗಳಲ್ಲಿ ನಾನು ಒಂದು ಸಾಲನ್ನೂ ಬರೆಯಲಿಲ್ಲ. ಮುಗಿದಿದೆ ಎಂದಿದ್ದರೆ ಅವಳ ಹರಕೆಯನ್ನು ಸುಳ್ಳಿನಿಂದ ತೀರಿಸಿದ ಹಾಗಾಯಿತು. ಕರಡಿನ ವಿಷಯ ಮಾತಾಡಿದ್ದರೆ ಹೆಣದ ಮುಂದೆ ನಿಂತು ಸೆಮಿನಾರ್ ಕೊಟ್ಟ ಹಾಗಾಯಿತು. ಮಾತೇ ಆಡದಿದ್ದರೆ, ಅವಳಿಗೊಂದು ಎಲೆ ಕೊಡಿಸಲು ಜೀವನದಲ್ಲಿ ಒಂದೇ ಒಂದು ಶಬ್ದ ಬೇಕಾಗಿದ್ದ ಹೊತ್ತಿನಲ್ಲಿ ಅದೂ ನನ್ನ ಕೈಲಿ ಆಗಲಿಲ್ಲವೆಂದಾಯಿತು. ಬರಹಗಾರನಾಗಬೇಕೆನ್ನುವವರು ಇದನ್ನೂ ತಿಳಿದಿರಲಿ: ನಿಮ್ಮ ಮಾತಿಗೆ ನಿಜವಾಗಿ ಬೆಲೆ ಬರುವ ಗಳಿಗೆ ಒಂದು ಬರಬಹುದು, ಆಗ ನೀವು ಏನು ಹೇಳಿದಿರೆಂಬುದು ನಿಮಗೇ ತಿಳಿಯದೆ ಹೋಗಬಹುದು.

ನನಗೆ ಗೊತ್ತಿರುವ ಒಂದೇ ಕೆಲಸ ವಿಚಾರಿಸುವುದು. ಹೆಮ್ಮರಗಾಲಕ್ಕೆ ಹೋಗಿ ಮಾವನನ್ನು ಕೇಳಿದೆ: ಅವತ್ತು ನಾನು ಏನು ಹೇಳಿದೆ?

"ಯಾವನ್ಗೊತ್ಲಾ," ಎಂದ ಮಾವ, ದನಕ್ಕೆ ಹುಲ್ಲು ಹಾಕುತ್ತ. "ನೀವು ನ್ಯಾಯ ತಗಿಯಕೆ ಮುಂಚೇನೇ ಒಳ್ಗಡೆ ಎಲೆ ಇಟ್ಟಾಗಿತ್ತಲ್ಲ. ನೀರ್ ಉಯ್ದು ಒರೆಸ್ದೋ, ನಾನು ಕುಟ್ಕೊಟ್ಟೆ, ನಿಮ್ ಚಿಕ್ಕವ್ವ ಇಟ್ಲು. ಜಗಲೀಗೆ ತಂದಿದ್ದೇ ಆಮ್ಯಾಕೆ."

"ಮತ್ತೆ ಎಲ್ಲರ ಮುಂದೆ ಬಗ್ಗಿ ಇಟ್ಟೆಯಲ್ಲ?"

"ಬರೀ ಕೈ ಅದು. ದೊಡ್ಡೋರು ಅಷ್ಟೊತ್ತು ಮಾತಾಡವ್ರೆ, ಆಗೋಗದೆ ಅಂದ್ರೆ ಮರ್ವಾದೆ ಓಗಲ್ವಾ ಅವ್ರದು?"

ಒಬ್ಬನ ಮಾತನ್ನು ನಂಬುವುದು ನನ್ನ ಜಾಯಮಾನವಲ್ಲ. ಚಿಕ್ಕವ್ವ, ಅಂದರೆ ಅವ್ವನ ತಂಗಿ, ಇರುವುದು ಹೆಡತಲೆಯಲ್ಲಿ. ಅವಳಿಗೂ ಮಾವನಿಗೂ ಒಂದು ಗೋಡೆಯ ವಿಷಯಕ್ಕೆ ಮಾತು ನಿಂತು ಬಹಳ ಕಾಲವಾಗಿದೆ. ಅವ್ವನ ಮಣ್ಣಿನ ದಿನ ಒಟ್ಟಿಗೆ ಕೆಲಸ ಮಾಡಿದರೂ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ, ಆಮೇಲೂ ಆಡಿಲ್ಲ. ಇಬ್ಬರೂ ಸೇರಿ ಕತೆ ಕಟ್ಟುವ ಸಂಭವವಿಲ್ಲ. ಮುಂದಿನ ಭಾನುವಾರ ಹೆಡತಲೆಗೆ ಹೋದೆ. ಮಾವ ಹೇಳಿದ್ದನ್ನು ಹೇಳದೆ, ಸುಮ್ಮನೆ, ಅವ್ವನ ಬಾಯಿಗೆ ಎಲೆ ಇಟ್ಟದ್ದು ಯಾವಾಗ ಎಂದು ಕೇಳಿದೆ.

ಚಿಕ್ಕವ್ವ ಯೋಚಿಸಲೂ ಇಲ್ಲ. ಸ್ನಾನವಾದ ಕೂಡಲೇ, ಒಳಮನೆಯಲ್ಲಿ, ತಾನೇ ಇಟ್ಟೆ ಎಂದಳು. ಅಂದರೆ ಜಗಲಿಯ ಮೇಲೆ ಅಷ್ಟು ಜನ ನನ್ನ ಮುಖ ನೋಡುತ್ತ ಕೂತಿದ್ದಾಗ, ನಾನು ಬಾಯಿ ತೆರೆಯುವ ಮೊದಲೇ, ಅವ್ವನ ಬಾಯಲ್ಲಿ ಎಲೆ ಇತ್ತು.